ವಳಿವಡೆಯ ಶಿಬಿರ: ನಮ್ಮ ಹೆದ್ದಾರಿಯ ಬದಿಯ ಮರೆತ ಚರಿತ್ರೆ

ಸಂಕೇಶ್ವರ, ಹುಕ್ಕೇರಿ, ಗೋಕಾಕ ಸೀಮೆಯ ಎಷ್ಟೋ ಕುಟುಂಬಗಳು ಮದುವೆಯ ಜವಳಿ ತರಲು ಕೊಲ್ಹಾಪುರದ ಪಕ್ಕದ ಗಾಂಧಿನಗರಕ್ಕೆ ಹೋಗುವುದುಂಟು. ನಿಪ್ಪಾಣಿ, ಕಾಗಲ ದಾಟಿದರೆ ದಾರಿ ದೂರವೇನಲ್ಲ. ಸಗಟು ಬಟ್ಟೆಯ ಅಂಗಡಿಗಳು ಸಾಲುಗಟ್ಟಿದ ಆ ಪೇಟೆಯಲ್ಲಿ ದಿನವಿಡೀ ಅಲೆದು ಗಂಟು ಕಟ್ಟಿಕೊಂಡು ಬರುವ ನಾವು, ನಮ್ಮ ಕಾಲ ಕೆಳಗಿನ ನೆಲದ ಕತೆಯನ್ನು ಕೇಳಿದವರಲ್ಲ. 1943ರಿಂದ 1948ರವರೆಗೆ ಅಲ್ಲಿ ಐದು ಸಾವಿರದಷ್ಟು ಪೋಲಿಷ್ ಜನರು ವಾಸವಾಗಿದ್ದರು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು; ಬಹುಪಾಲು ಕಥೋಲಿಕರು. ಪಂಚಗಂಗಾ ನದಿಯ ಸನಿಹದ ವಳಿವಡೆ ಗ್ರಾಮದ ಹೆಸರಿನಿಂದ ಅದು ವಳಿವಡೆಯ ಶಿಬಿರವೆಂದು ಕರೆಯಲ್ಪಟ್ಟಿತು. ನಮ್ಮ ಹಿರಣ್ಯಕೇಶಿಯ ನೀರೂ ಅವರ ಪಂಚಗಂಗೆಯ ನೀರೂ ಕೊನೆಗೆ ಸೇರುವುದು ಒಂದೇ ಕೃಷ್ಣೆಯನ್ನು. ಇಷ್ಟು ನೆರೆಯ ಚರಿತ್ರೆ ನಮ್ಮ ಧರ್ಮಕೇಂದ್ರಗಳ ಮಾತಿನಲ್ಲಿ ಕೇಳಿಬರುವುದು ಅಪರೂಪವೆಂಬುದು ಯೋಚಿಸಬೇಕಾದ ಸಂಗತಿ.

ಈ ಜನರು ಇಲ್ಲಿಗೆ ಬಂದ ಬಗೆಯನ್ನು ಮೊದಲು ತಿಳಿಯೋಣ. 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೇನೆ ಪಶ್ಚಿಮದಿಂದ ಪೋಲಂಡಿನ ಮೇಲೆ ಬಿದ್ದಿತು. ಅದೇ ತಿಂಗಳ 17ರಂದು ಸ್ಟಾಲಿನನ ಸೇನೆ ಪೂರ್ವದಿಂದ ನುಗ್ಗಿತು. ಪೂರ್ವ ಪೋಲಂಡನ್ನು ವಶಪಡಿಸಿಕೊಂಡ ಸೋವಿಯತ್ ಆಡಳಿತವು 1940ರ ಫೆಬ್ರವರಿಯಿಂದ 1941ರ ಜೂನ್‌ವರೆಗೆ ನಾಲ್ಕು ಸಲ ಜನರನ್ನು ಗಡೀಪಾರು ಮಾಡಿತು. ರೈತರು, ಅರಣ್ಯ ನೌಕರರು, ಶಿಕ್ಷಕರು, ಸೈನಿಕರ ಕುಟುಂಬಗಳು ಹೀಗೆ ಲಕ್ಷಗಟ್ಟಲೆ ಮಂದಿಯನ್ನು ನಡುರಾತ್ರಿಯಲ್ಲಿ ಎಬ್ಬಿಸಿ, ದನ ಸಾಗಿಸುವ ರೈಲುಡಬ್ಬಿಗಳಲ್ಲಿ ತುಂಬಿ, ಸೈಬೀರಿಯ ಮತ್ತು ಕಝಾಕಸ್ತಾನಗಳಿಗೆ ಒಯ್ಯಲಾಯಿತು. ಅಲ್ಲಿ ಮರ ಕಡಿಯುವ, ಗಣಿ ಅಗೆಯುವ, ಹೊಲ ಗೇಯುವ ಬಲವಂತದ ದುಡಿಮೆ. ಹಸಿವಿನಿಂದ, ಚಳಿಯಿಂದ, ವಿಷಮಜ್ವರದಿಂದ ಸತ್ತವರು ಅಸಂಖ್ಯ.

1941ರ ಜೂನ್ 22ರಂದು ಹಿಟ್ಲರ್ ಸೋವಿಯತ್ ದೇಶದ ಮೇಲೆಯೇ ದಂಡೆತ್ತಿ ಹೋದಾಗ ಲೆಕ್ಕಾಚಾರ ಬದಲಾಯಿತು. ಜುಲೈ 30ರಂದು ಲಂಡನ್ನಿನಲ್ಲಿ ಪೋಲಂಡಿನ ಪ್ರಧಾನಿ ಸಿಕೋರ್ಸ್ಕಿ ಮತ್ತು ಸೋವಿಯತ್ ರಾಯಭಾರಿ ಮೈಸ್ಕಿ ಒಪ್ಪಂದಕ್ಕೆ ಸಹಿ ಹಾಕಿದರು. ಸೆರೆಯಾಳುಗಳಿಗೆ ಬಿಡುಗಡೆ ದೊರೆಯಿತು. ಜನರಲ್ ಆಂಡರ್ಸ್ ಕಟ್ಟಿದ ಸೈನ್ಯದ ಬೆನ್ನು ಹಿಡಿದು 1942ರಲ್ಲಿ 1,15,000ದಷ್ಟು ಪೋಲಿಷ್ ಜನರು ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂದರು. ಗಂಡಸರು ಸೇನೆಗೆ ನಡೆದರು. ಉಳಿದ ಹೆಂಗಸರಿಗೆ, ಮಕ್ಕಳಿಗೆ, ಮುದುಕರಿಗೆ ನೆಲೆ ಬೇಕಾಯಿತು. ಪೂರ್ವ ಆಫ್ರಿಕ, ಲೆಬನಾನ್, ಮೆಕ್ಸಿಕೊ, ನ್ಯೂಜಿಲೆಂಡ್‌ಗಳು ಒಂದೊಂದು ಪಾಲನ್ನು ತೆಗೆದುಕೊಂಡವು. ಭಾರತದಲ್ಲಿ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರು 1942ರಲ್ಲಿ ಜಾಮ್‌ನಗರದ ಬಳಿಯ ಬಾಲಾಚಡಿಯಲ್ಲಿ ಪೋಲಿಷ್ ಮಕ್ಕಳಿಗೆ ಆಶ್ರಯ ನೀಡಿದರು. ಮರುವರ್ಷ ಕೊಲ್ಹಾಪುರ ಸಂಸ್ಥಾನದಲ್ಲಿ ಇನ್ನೂ ದೊಡ್ಡ ಶಿಬಿರ ಎದ್ದಿತು. ಕರಾಚಿಯಲ್ಲಿ ಹಡಗಿಳಿದು ಬಂದವರನ್ನು ರೈಲು ವಳಿವಡೆಗೆ ತಂದುಬಿಟ್ಟಿತು.

ಆದ್ದರಿಂದ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವಳಿವಡೆಯ ಶಿಬಿರ ಕೈದಿಗಳ ಶಿಬಿರವಾಗಿರಲಿಲ್ಲ. ಕೈದಿನಿಂದ ಬಿಡುಗಡೆಯಾಗಿ ಬಂದವರ ಶಿಬಿರವಾಗಿತ್ತು. ಹೊರಗೆ ಕಾವಲಿದ್ದರೂ ಒಳಗೆ ಒಂದು ಊರಿತ್ತು. ಕಲ್ಲಿನ ತಳಪಾಯ, ಚಾಪೆಯ ಗೋಡೆ, ಹಂಚಿನ ಮಾಡಿನ ಉದ್ದನೆಯ ಸಾಲುಮನೆಗಳು. ಶಿಶುವಿಹಾರದಿಂದ ಪ್ರೌಢಶಾಲೆಯವರೆಗೆ ಪೋಲಿಷ್ ಭಾಷೆಯ ಶಿಕ್ಷಣ, ಆಸ್ಪತ್ರೆ, ನಾಟಕ ಮಂದಿರ, ಸ್ಕೌಟ್ ದಳಗಳು. ಇವೆಲ್ಲದರ ನಡುವೆ ಒಂದು ದೇವಾಲಯ. ಮುಂಬಯಿಯ ಪೋಲಿಷ್ ಕಾನ್ಸುಲ್ ಜನರಲ್ ಬನಾಸಿನ್ಸ್ಕಿ ಮತ್ತು ಪೋಲಿಷ್ ರೆಡ್‌ಕ್ರಾಸಿನ ಪ್ರತಿನಿಧಿಯಾಗಿದ್ದ ಅವರ ಪತ್ನಿ ಕೀರಾ ಈ ಜನರನ್ನು ಭಾರತಕ್ಕೆ ಕರೆತಂದು ನೆಲೆಗೊಳಿಸುವ ಕಾರ್ಯದಲ್ಲಿ ಹಗಲಿರುಳು ದುಡಿದರು. ಎರಡು ವರ್ಷ ಹಿಮದಲ್ಲಿ ಸತ್ತು ಬದುಕಿದ ಮಕ್ಕಳು ಇಲ್ಲಿಯ ಬಿಸಿಲಿಗೆ, ಮಳೆಗೆ, ಮಲೇರಿಯಕ್ಕೆ ಒಗ್ಗಿಕೊಂಡು ಮತ್ತೆ ಪಾಟಿ ಹಿಡಿದರು, ಪ್ರಥಮ ಪರಮಪ್ರಸಾದ ಸ್ವೀಕರಿಸಿದರು, ಕ್ರಿಸ್ತಜಯಂತಿಯ ಹಾಡು ಹಾಡಿದರು. ಐದು ಸಾವಿರ ಜನರ ಊರಿಗೆ ಬೇಕಾದ ಹಾಲು, ತರಕಾರಿ, ಸೌದೆ ಸುತ್ತಲ ಹಳ್ಳಿಗಳಿಂದಲ್ಲದೆ ಬೇರೆಲ್ಲಿಂದ ಬಂದೀತು? ಭಾಷೆ ತಿಳಿಯದ ಎರಡು ಜನಾಂಗಗಳು ಕೈಸನ್ನೆಯಿಂದ ವ್ಯವಹರಿಸಿ ಐದು ವರ್ಷ ನೆರೆಹೊರೆಯವರಾಗಿ ಬಾಳಿದವು.

ಆ ಕಾಲದಲ್ಲಿ ನಮ್ಮ ಪುಣೆ ಬೆಂಗಳೂರು ಹೆದ್ದಾರಿಯ ಉದ್ದಕ್ಕೂ ಕಣ್ಣು ಹಾಯಿಸಿದರೆ ಇನ್ನೊಂದು ಸಂಗತಿ ಗೋಚರಿಸುತ್ತದೆ. ದಕ್ಷಿಣದ ತುದಿಯಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರವಿತ್ತು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೈನ್ಯಗಳ ಕೈಗೆ ಸಿಕ್ಕ ಸಾವಿರಾರು ಇಟಾಲಿಯನ್ ಸೈನಿಕರು 1941ರಿಂದ ಅಲ್ಲಿ ಮುಳ್ಳುತಂತಿಯ ಹಿಂದೆ ದಿನ ಎಣಿಸಿದರು. ಅವರೂ ಬಹುತೇಕ ಕಥೋಲಿಕರೇ. ನಮಗೆ ಇನ್ನೂ ಹತ್ತಿರದಲ್ಲಿ, ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ, 1942ರ ಚಲೇಜಾವ್ ಚಳವಳಿಯಲ್ಲಿ ಬಂಧಿತರಾದ ನಮ್ಮ ನಾಡಿನ ದೇಶಭಕ್ತರಿದ್ದರು. ಉತ್ತರಕ್ಕೆ ವಳಿವಡೆಯಲ್ಲಿ ಸೈಬೀರಿಯದ ಸೆರೆಯಿಂದ ಬಂದ ಪೋಲಿಷ್ ತಾಯಂದಿರು. ಒಂದೇ ರಸ್ತೆ, ಒಂದೇ ಯುದ್ಧಕಾಲ, ಮೂರು ಬಗೆಯ ಬಂಧನ. ಒಬ್ಬರಿಗೆ ಸೆರೆಮನೆ ಕಟ್ಟಿದ ಸರಕಾರವೇ ಇನ್ನೊಬ್ಬರಿಗೆ ಆಶ್ರಯದ ಅನುಮತಿ ಕೊಟ್ಟಿತ್ತು. ಒಬ್ಬರ ಶತ್ರು ಇನ್ನೊಬ್ಬರ ಮಿತ್ರನಾಗಿದ್ದ. ಸಂಕೇಶ್ವರದ ನಾವು ಈ ರಸ್ತೆಯ ಮೇಲೆಯೇ ಇದ್ದೇವೆ. ಮೂವರ ಕತೆಯನ್ನೂ ಒಟ್ಟಿಗೆ ಹೇಳಬಲ್ಲ ಜಾಗದಲ್ಲಿದ್ದೇವೆ.

ಯುದ್ಧ ಮುಗಿದಾಗ ವಳಿವಡೆಯವರಿಗೆ ಸಂತೋಷ ದೊರೆಯಲಿಲ್ಲ. 1945ರ ಫೆಬ್ರವರಿಯ ಯಾಲ್ಟಾ ಸಮಾವೇಶದಲ್ಲಿ ಪೂರ್ವ ಪೋಲಂಡು ಸೋವಿಯತ್ ದೇಶಕ್ಕೇ ಸೇರಬೇಕೆಂದು ತೀರ್ಮಾನವಾಗಿತ್ತು. ಅವರ ಮನೆ, ಹೊಲ, ದೇವಾಲಯಗಳಿದ್ದ ಊರುಗಳು ಇಂದು ಯುಕ್ರೇನ್, ಬೆಲಾರೂಸ್, ಲಿಥುವೇನಿಯಗಳಲ್ಲಿವೆ. ಅದೇ ಜುಲೈಯಲ್ಲಿ ಬ್ರಿಟನ್ ಲಂಡನ್ನಿನಲ್ಲಿದ್ದ ಪೋಲಿಷ್ ಸರಕಾರಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಮಿತ್ರಪಕ್ಷದ ಪರವಾಗಿ ಇಟಲಿಯ ಮೊಂತೆ ಕಸ್ಸಿನೊದಲ್ಲಿ ರಕ್ತ ಹರಿಸಿದ್ದು ಈ ಶಿಬಿರದ ಹೆಂಗಸರ ಗಂಡಂದಿರು, ಅಣ್ಣತಮ್ಮಂದಿರೇ ಅಲ್ಲವೆ? ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ಮರಾಠಾ ಲಘು ಪದಾತಿ ದಳದ ಯೋಧರೂ ಅದೇ ಇಟಲಿಯ ರಣರಂಗದಲ್ಲಿ ಹೋರಾಡಿ ಎರಡು ವಿಕ್ಟೋರಿಯ ಕ್ರಾಸ್ ಗಳಿಸಿದರು. ಗೆದ್ದ ಪಕ್ಷದಲ್ಲಿದ್ದೂ ಮನೆ ಕಳೆದುಕೊಂಡ ಈ ಜನರು 1947 ಮತ್ತು 1948ರಲ್ಲಿ ಬ್ರಿಟನ್, ಆಸ್ಟ್ರೇಲಿಯ, ಕೆನಡ, ಅಮೆರಿಕಗಳಿಗೆ ಚದುರಿ ಹೋದರು. ಪೋಲಂಡಿಗೆ ಮರಳಿದವರು ಕೆಲವರು ಮಾತ್ರ.

ಅವರು ಬಿಟ್ಟುಹೋದ ಸಾಲುಮನೆಗಳು ಖಾಲಿ ಬೀಳಲಿಲ್ಲ. ದೇಶ ವಿಭಜನೆಯಾಗಿ ಸಿಂಧ್ ಪ್ರಾಂತದಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದ ಸಿಂಧಿ ಕುಟುಂಬಗಳು ಅಲ್ಲಿ ನೆಲೆಯೂರಿದವು. ಅದೇ ಇಂದಿನ ಗಾಂಧಿನಗರ. ಪೋಲಿಷ್ ತಾಯಂದಿರು ಹಡಗಿಳಿದ ಅದೇ ಕರಾಚಿಯ ಸೀಮೆಯಿಂದ ಹೊರಟವರು ಅವರು ತೆರವು ಮಾಡಿದ ಮನೆಗಳನ್ನೇ ಹೊಕ್ಕರು. ಒಬ್ಬ ನಿರಾಶ್ರಿತನ ಸೂರು ಇನ್ನೊಬ್ಬ ನಿರಾಶ್ರಿತನಿಗೆ ಸೂರಾಯಿತು. ಜಾಲಹಳ್ಳಿಯ ಗತಿ ಬೇರೆ. 1946ರ ಹೊತ್ತಿಗೆ ಕೈದಿಗಳು ಸ್ವದೇಶಕ್ಕೆ ಮರಳಿದ ಮೇಲೆ ಆ ಸುತ್ತಿನಲ್ಲಿ ವಾಯುಪಡೆಯ ನೆಲೆ ಬಂದಿತು. 1950ರ ದಶಕದಲ್ಲಿ ಎಚ್.ಎಂ.ಟಿ. ಮತ್ತು ಬಿ.ಇ.ಎಲ್. ಕಾರ್ಖಾನೆಗಳು ಬಂದವು. ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟ ಆ ಕಾರ್ಖಾನೆಗಳ ನೆರಳಿನಲ್ಲಿ ಕೈದಿಗಳ ನೆನಪು ಕರಗಿ ಹೋಯಿತು.

ಹಾಗಾದರೆ ವಳಿವಡೆಯ ನೆನಪನ್ನು ಇಷ್ಟಾದರೂ ಉಳಿಸಿದವರು ಯಾರು? ಪ್ರಧಾನವಾಗಿ, ಅಲ್ಲಿ ಬೆಳೆದ ಮಕ್ಕಳೇ. ದೇಶಾಂತರಗಳಲ್ಲಿ ಮುದುಕರಾದ ಅವರು ಸಂಘ ಕಟ್ಟಿಕೊಂಡರು. ತಮ್ಮ ಭಾರತವಾಸದ ಚರಿತ್ರೆಯನ್ನು ಬರೆದು 2000ದಲ್ಲಿ ಪೋಲಿಷ್ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1998ರಲ್ಲಿ ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿ ಕೃತಜ್ಞತೆಯ ಸ್ಮಾರಕಸ್ತಂಭ ನಿಲ್ಲಿಸಿದರು. 2017ರಲ್ಲಿ ವಾರ್ಸಾ ನಗರದಲ್ಲಿ ಕೊಲ್ಹಾಪುರದ ಹೆಸರಿನ ಸ್ಮಾರಕ ಎದ್ದಿತು. 2019ರ ಸೆಪ್ಟೆಂಬರಿನಲ್ಲಿ ವಳಿವಡೆಯಲ್ಲಿಯೇ ಒಂದು ಸ್ಮಾರಕ ಅನಾವರಣಗೊಂಡಿತು. 2024ರ ಆಗಸ್ಟಿನಲ್ಲಿ ಭಾರತದ ಪ್ರಧಾನಿ ವಾರ್ಸಾಕ್ಕೆ ಭೇಟಿ ಕೊಟ್ಟಾಗ ಅಲ್ಲಿಯ ಕೊಲ್ಹಾಪುರ ಸ್ಮಾರಕಕ್ಕೆ ಪುಷ್ಪಗುಚ್ಛ ಅರ್ಪಿಸಿದರು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಮ್ಮಲ್ಲಿ ಎಷ್ಟು ಜನ, ಇದು ನಮ್ಮ ಮಗ್ಗುಲಿನ ಕೊಲ್ಹಾಪುರವೆ ಎಂದು ಅಚ್ಚರಿಪಟ್ಟಿರಬೇಕು!

ಸ್ಮಾರಕಗಳು ಬೇಕು. ಆದರೆ ಸ್ಮಾರಕ ನಿಂತ ಮಾತ್ರಕ್ಕೆ ಸ್ಮರಣೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ಅಭಿಪ್ರಾಯ. ಕಲ್ಲನ್ನು ಕೆತ್ತಿಸಿದವರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದಾರೆ. 1945ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದವಳಿಗೆ 2025ಕ್ಕೆ ತೊಂಬತ್ತು. ಇನ್ನು ಕೆಲವೇ ವರ್ಷಗಳಲ್ಲಿ ವಳಿವಡೆಯನ್ನು ಕಣ್ಣಾರೆ ಕಂಡವರು ಯಾರೂ ಉಳಿಯುವುದಿಲ್ಲ. ಆಗ ಈ ನೆನಪಿಗೆ ವಾರಸುದಾರರು ಯಾರು? ನೆಲ ಇರುವುದು ಇಲ್ಲಿ, ಸಮಾಧಿಗಳು ಇರುವುದು ಇಲ್ಲಿ. ವಾರಸುದಾರಿಕೆಯೂ ಇಲ್ಲಿಯವರದೇ ಆಗಬೇಕು.

ಸಮಾಧಿಗಳು ಎಂದೆ. ಶಿಬಿರದ ಕಾಲದಲ್ಲಿ ತೀರಿಕೊಂಡ ಪೋಲಿಷ್ ಜನರು ಕೊಲ್ಹಾಪುರದ ಕ್ರೈಸ್ತ ಸಮಾಧಿ ಭೂಮಿಯಲ್ಲಿ ಮಲಗಿದ್ದಾರೆ. ಸೈಬೀರಿಯದ ಚಳಿಯನ್ನು ಗೆದ್ದು, ಸಮುದ್ರಗಳನ್ನು ದಾಟಿ ಬಂದು, ಊರಿಗೆ ಮರಳುವ ಮುನ್ನ ಈ ನೆಲದಲ್ಲಿ ಮಣ್ಣಾದವರು ಅವರು. ಪ್ರತಿ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಾವು ನಮ್ಮ ಹಿರಿಯರ ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಆ ದಿನ ಆ ಸಮಾಧಿಗಳ ಮಕ್ಕಳು ಮೊಮ್ಮಕ್ಕಳು ಇರುವುದು ಲಂಡನ್ನಿನಲ್ಲಿ, ಮೆಲ್ಬೋರ್ನಿನಲ್ಲಿ. ದಯಾಕಾರ್ಯಗಳನ್ನು ನಾವು ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಬೆರಳೆಣಿಸಿ ಕಲಿತವರು. ಪರದೇಶಿಗೆ ಆಶ್ರಯ ಕೊಡುವುದು, ಸೆರೆಯಾಳುಗಳನ್ನು ಸಂಧಿಸುವುದು, ಮೃತರನ್ನು ಹೂಳುವುದು ಆ ಎಣಿಕೆಯಲ್ಲಿವೆ. ಮೊದಲೆರಡನ್ನು 1943ರ ತಲೆಮಾರು ಮಾಡಿ ಮುಗಿಸಿತು. ಮೂರನೆಯದು ಮಣ್ಣು ಮುಚ್ಚಿದ ದಿನಕ್ಕೆ ಮುಗಿಯುವ ಕಾರ್ಯವಲ್ಲ. ಅದು ಆ ಸಮಾಧಿಗಳ ನೆರೆಯಲ್ಲಿ ಬಾಳುವ ಪ್ರತಿ ತಲೆಮಾರಿನ ಪಾಲಿಗೂ ಬರುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ನಮ್ಮವೇ ಸಮಾಧಿ ಭೂಮಿಗಳು ಮುಳ್ಳುಕಂಟಿ ಬೆಳೆದು ಬಿದ್ದಿರುವಾಗ, ನಮ್ಮವೇ ಹಳೆಯ ದೇವಾಲಯಗಳ ಮಾಡು ಸೋರುತ್ತಿರುವಾಗ, ಪರದೇಶಿಗಳ ಗೋರಿಯ ಚಿಂತೆ ನಮಗೇಕೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಅನುಭವ ಹೇಳುವುದೇನೆಂದರೆ, ಪರರ ಸಮಾಧಿಯನ್ನು ಶುಚಿಯಾಗಿಡುವ ಊರು ತನ್ನದನ್ನು ಹಾಳು ಬಿಡುವುದಿಲ್ಲ. ತನ್ನದಕ್ಕಷ್ಟೇ ಅಳುವ ಊರು ಎರಡು ತಲೆಮಾರಿನಲ್ಲಿ ತನ್ನದನ್ನೂ ಮರೆಯುತ್ತದೆ. ಅಲ್ಲದೆ ಇಲ್ಲಿ ಬೇಕಾದುದು ಲಕ್ಷಗಟ್ಟಲೆ ಹಣವಲ್ಲ. ವರ್ಷಕ್ಕೊಂದು ಪ್ರಯಾಣ, ಒಂದು ಪ್ರಾರ್ಥನೆ, ಒಂದಿಷ್ಟು ಬರವಣಿಗೆ ಸಾಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸ್ಮಾರಕಗಳ ಸಮಾರಂಭಗಳಲ್ಲಿ ನಮ್ಮ ಔದಾರ್ಯವನ್ನು ನಾವೇ ಹೊಗಳಿಕೊಳ್ಳುವ ಚಾಪಲ್ಯ ಸಹಜ. ಚರಿತ್ರೆಯನ್ನು ಉಳಿಸುವುದೆಂದರೆ ಅದನ್ನು ಇದ್ದಂತೆ ಉಳಿಸುವುದು. ಜಾಮ್ ಸಾಹೇಬರ ಹೃದಯ ದೊಡ್ಡದು, ನಿಜ. ಕೊಲ್ಹಾಪುರದ ಜನತೆ ಆದರದಿಂದ ನಡೆದುಕೊಂಡಿತು ಎಂದು ಪೋಲಿಷ್ ಜನರೇ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಆದರೆ ವಳಿವಡೆಯ ಖರ್ಚನ್ನು ಹೊತ್ತದ್ದು ಮುಖ್ಯವಾಗಿ ಲಂಡನ್ನಿನಲ್ಲಿದ್ದ ಪೋಲಿಷ್ ಸರಕಾರ. ಕೊಲ್ಹಾಪುರದಲ್ಲಿ ರಾಜಾರಾಮ ಮಹಾರಾಜರು 1940ರಲ್ಲಿ ತೀರಿಕೊಂಡು, ಎಳೆಯ ಉತ್ತರಾಧಿಕಾರಿಯ ಹೆಸರಿನಲ್ಲಿ ಬೇರೆಯವರು ಆಡಳಿತ ನಡೆಸುತ್ತಿದ್ದ ಕಾಲವದು. ಶಿಬಿರ ತೆರೆದ 1943ರಲ್ಲಿಯೇ ಬಂಗಾಳದಲ್ಲಿ ಕ್ಷಾಮ ಬಿದ್ದು ಲಕ್ಷಾಂತರ ಮಂದಿ ಅನ್ನವಿಲ್ಲದೆ ಸತ್ತರು. ಈ ಸಂಗತಿಗಳನ್ನು ಹೇಳಿದರೆ ವಳಿವಡೆಯ ಹಿರಿಮೆ ಕುಗ್ಗುವುದಿಲ್ಲ. ಸ್ವತಃ ಪರಾಧೀನವಾಗಿ, ಹಸಿದು, ತನ್ನ ನಾಯಕರನ್ನು ಸೆರೆಯಲ್ಲಿ ಕಂಡ ನಾಡೊಂದು ಇನ್ನೊಬ್ಬ ಸೆರೆಯಾಳಿಗೆ ಬಾಗಿಲು ಮುಚ್ಚಲಿಲ್ಲ ಎಂಬ ಸತ್ಯವೇ ಸಾಕಷ್ಟು ದೊಡ್ಡದು.

ಉಳಿಸುವ ಮಾತಿನಲ್ಲಿ ಗಾಂಧಿನಗರದ ಒಂದು ಅಂಗಡಿಯನ್ನೂ ಅಲುಗಿಸಬೇಕಿಲ್ಲ. ನಿರಾಶ್ರಿತರ ನೆನಪಿಗಾಗಿ ನಿರಾಶ್ರಿತರ ಮಕ್ಕಳನ್ನು ಎಬ್ಬಿಸುವುದು ವಿವೇಕವಲ್ಲ. ಉಳಿಸಬೇಕಾದವು ಬೇರೆ ಮೂರು. ಒಂದು, ಸಮಾಧಿಗಳು. ಬೆಳಗಾವಿ, ಹುಕ್ಕೇರಿ, ನಿಪ್ಪಾಣಿ ಭಾಗದ ಧರ್ಮಕೇಂದ್ರಗಳ ಯುವಜನ ಸಂಘಗಳು, ಅಲ್ಲಿಯ ಧರ್ಮಸಭೆಯ ಗುರುಗಳ ಅನುಮತಿ ಪಡೆದು, ನವೆಂಬರ್ ತಿಂಗಳಲ್ಲಿ ಒಂದು ಭಾನುವಾರ ಕೊಲ್ಹಾಪುರಕ್ಕೆ ಹೋಗಿ ಆ ಸಮಾಧಿಗಳ ಬಳಿ ಜಪಸರ ಅರ್ಪಿಸಿ ಬರಲಿ. ಎರಡು, ಕಾಗದಗಳು. ಯುದ್ಧಕಾಲದಲ್ಲಿ ಈ ಸೀಮೆಯಲ್ಲಿ ಇದ್ದ ಪ್ರತಿ ಧರ್ಮಕೇಂದ್ರದ ಜ್ಞಾನಸ್ನಾನ, ವಿವಾಹ, ಮರಣದ ದಾಖಲೆ ಪುಸ್ತಕಗಳನ್ನು ತೆರೆದು ನೋಡಬೇಕು. ಕನ್ನಡ, ಮರಾಠಿ, ಕೊಂಕಣಿ ಹೆಸರುಗಳ ನಡುವೆ ಅಪರಿಚಿತ ಪೋಲಿಷ್ ಅಥವಾ ಇಟಾಲಿಯನ್ ಹೆಸರೊಂದು ಇದ್ದರೆ ಗೆದ್ದಲು ಹಿಡಿಯುವ ಮುನ್ನ ಅದರ ಪ್ರತಿ ತೆಗೆದು ಧರ್ಮಾಧ್ಯಕ್ಷರ ಕಾರ್ಯಾಲಯಕ್ಕೆ ಒಪ್ಪಿಸಬೇಕು. ಎಲ್ಲೋ ಒಂದು ದೇಶದಲ್ಲಿ ಒಂದು ಕುಟುಂಬ ಆ ಹೆಸರಿಗಾಗಿ ಹುಡುಕುತ್ತಿರಬಹುದು.

ಮೂರನೆಯದು, ಬಾಯಿಮಾತು. ಇದೇ ಎಲ್ಲಕ್ಕಿಂತ ತುರ್ತಿನದು. ನಮ್ಮ ಮನೆಗಳ ಅಜ್ಜ ಅಜ್ಜಿಯರಲ್ಲಿ, ನಿಪ್ಪಾಣಿ ಕೊಲ್ಹಾಪುರಗಳ ನಂಟರಲ್ಲಿ, ಬಿಳಿಯ ಮಕ್ಕಳ ಆ ಊರನ್ನು ನೋಡಿದವರು, ನೋಡಿದವರಿಂದ ಕೇಳಿದವರು ಇರಬಹುದು. ಹಿಂಡಲಗಾದಲ್ಲಿ ಸೆರೆಯಿದ್ದವರ ಮಕ್ಕಳು ಇರಬಹುದು. ಬೆಂಗಳೂರಿನಲ್ಲಿ ನೌಕರಿ ಮಾಡಿದವರಿಗೆ ಜಾಲಹಳ್ಳಿಯ ಹಿರಿಯರ ಮಾತು ನೆನಪಿರಬಹುದು. ಶಾಲೆಯ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಕುಳಿತರೆ, ಅಥವಾ ಕೈಯಲ್ಲಿರುವ ಮೊಬೈಲಿನಲ್ಲಿ ಆ ಧ್ವನಿಯನ್ನು ಮುದ್ರಿಸಿಕೊಂಡರೆ, ಯಾವ ಸರಕಾರವೂ ಕಟ್ಟಲಾರದ ಸಂಗ್ರಹಾಲಯವೊಂದು ಒಂದೇ ಬೇಸಿಗೆ ರಜೆಯಲ್ಲಿ ಸಿದ್ಧವಾದೀತು. ಕೇಳಿದ್ದನ್ನು ಕೂಡಿಸದೆ, ಕಳೆಯದೆ, ಹೇಳಿದವರ ಹೆಸರು ದಿನಾಂಕಗಳೊಡನೆ ಬರೆದಿಡಬೇಕು.

ಪೋಲಂಡಿನ ಮಗನೊಬ್ಬ 1986ರ ಫೆಬ್ರವರಿಯಲ್ಲಿ ನಮ್ಮ ಮಂಗಳೂರಿನ ನೆಲವನ್ನು ಮೆಟ್ಟಿದಾಗ ಲಕ್ಷೋಪಲಕ್ಷ ಜನರು ದರ್ಶನಕ್ಕೆ ನೆರೆದಿದ್ದರು. ಜಗದ್ಗುರು ಎರಡನೆಯ ಜಾನ್ ಪೌಲರು ವಳಿವಡೆಯ ತಾಯಂದಿರ ಕಾಲದವರೇ. ಆ ತಾಯಂದಿರು ಸೈಬೀರಿಯದಲ್ಲಿ ಮರ ಕಡಿಯುತ್ತಿದ್ದಾಗ ಅವರು ಜರ್ಮನರ ಅಧೀನದಲ್ಲಿದ್ದ ಕ್ರಾಕೋ ನಗರದ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ ತರುಣ. ಅವರ ಚಿತ್ರಪಟ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅವರ ದೇಶದ ಅನಾಮಿಕ ಹೆಂಗಸರು, ಮಕ್ಕಳು ನಮ್ಮಿಂದ ಒಂದು ಗಂಟೆಯ ದಾರಿಯಲ್ಲಿ ಐದು ವರ್ಷ ಬಾಳಿದರೆಂಬುದನ್ನು ನಮ್ಮ ಮಕ್ಕಳಿಗೆ ಹೇಳುವುದು ಕಷ್ಟವೇನಲ್ಲ. ಮುಂದಿನ ಸಲ ಗಾಂಧಿನಗರಕ್ಕೆ ಜವಳಿ ತರಲು ಹೊರಟ ಕುಟುಂಬಗಳು ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಸಮಾಧಿ ಭೂಮಿಗೆ ಹೋಗಿ ಬರಲಿ. ಹೊತ್ತು ಸಾಲದಿದ್ದರೆ ಮಕ್ಕಳಿಗೆ ಈ ಕತೆಯನ್ನು ದಾರಿಯಲ್ಲಾದರೂ ಹೇಳಲಿ.